ಕೋರಂ ತುಂಬದಂತೆ ನೋಡಿಕೊಳ್ಳುವ ಔಷಧ

ಗ್ರಾಮ ಪಂಚಾಯಿತಿ ಸಭೆಗೆ ಹೋಗಿ ಕೂತವರಿಗೆಲ್ಲ ‘ಕೋರಂ’ ಎಂಬ ಪದ ಗೊತ್ತು. ಅಧ್ಯಕ್ಷರು ಬಂದಿರುತ್ತಾರೆ, ಪಿಡಿಒ ಬಂದಿರುತ್ತಾರೆ, ಟೀ ಕೂಡ ಬಂದು ಆರಿರುತ್ತದೆ. ಆದರೆ ಹಾಜರಿ ಪುಸ್ತಕದಲ್ಲಿ ಬೇಕಾದಷ್ಟು ಸಹಿ ಬಿದ್ದಿರುವುದಿಲ್ಲ. ಅಷ್ಟು ಸಹಿ ಬೀಳುವವರೆಗೆ ಯಾವ ಠರಾವೂ ಪಾಸಾಗುವುದಿಲ್ಲ. ವಿಧಾನಸೌಧದಲ್ಲೂ ಇದೇ ಕತೆ. ಅಲ್ಲಿ ಗಂಟೆ ಹೊಡೆದು ಸದಸ್ಯರನ್ನು ಕರೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಬ್ಯಾಕ್ಟೀರಿಯಾಗಳೂ ಕೋರಂ ನೋಡುತ್ತವೆ. ಇದು ನಾನು ಸುಮ್ನೆ ಕಟ್ಟಿದ ಹೋಲಿಕೆಯಲ್ಲ. ವಿಜ್ಞಾನಿಗಳೇ 1994ರಲ್ಲಿ ಇದಕ್ಕೆ ‘ಕೋರಂ ಸೆನ್ಸಿಂಗ್’ ಎಂದು ಹೆಸರಿಟ್ಟರು. ಶ್ವಾಸಕೋಶಕ್ಕೆ ಹೊಕ್ಕ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಆಯುಧಗಳನ್ನೆಲ್ಲ ಬಂದ ಕೂಡಲೇ ಹೊರತೆಗೆಯುವುದಿಲ್ಲ. ತಮ್ಮವು ಎಷ್ಟು ಸೇರಿವೆ ಎಂದು ಕಾದು ನೋಡುತ್ತವೆ. ಸಾಕಷ್ಟು ಸೇರಿದ ಮೇಲೆ ಒಟ್ಟಿಗೆ ವಿಷ ಬಿಡುತ್ತವೆ, ಒಟ್ಟಿಗೆ ಕೋಟೆ ಕಟ್ಟುತ್ತವೆ.

ಹಾಗಾದರೆ ಸದಸ್ಯರನ್ನು ಕೊಲ್ಲುವ ಬದಲು ಹಾಜರಿ ಪುಸ್ತಕದ ಸಹಿಗಳನ್ನೇ ಅಳಿಸುತ್ತಾ ಹೋದರೆ? ಎಲ್ಲರೂ ಬಂದಿದ್ದಾರೆ, ಆದರೆ ಪುಸ್ತಕ ಖಾಲಿ. ಸಭೆ ಶುರುವಾಗುವುದೇ ಇಲ್ಲ. ಈ ಅಳಿಸುವ ಕೆಲಸವನ್ನು, ಅಣುಗಳನ್ನು ಕತ್ತರಿಸುವ, ಜೋಡಿಸುವ ಪ್ರೋಟೀನುಗಳಾದ ಎಂಜೈಮ್‌ಗಳಿಂದ ಮಾಡಿಸಬಹುದು. ಅವನ್ನು ಉಸಿರಿನ ಮೂಲಕ ಶ್ವಾಸಕೋಶಕ್ಕೆ ಕೊಟ್ಟು ಸೋಂಕನ್ನು ತಡೆಯಬಹುದೇ ಎಂದು ಸಂಶೋಧನೆ ನಡೆದಿದೆ. ಆ ಕತೆ ಇದು.

ಕಿಲುಬಿನ ಬಣ್ಣದ ಶತ್ರು

ಐಸಿಯುವಿನಲ್ಲಿ ವೆಂಟಿಲೇಟರ್ ಮೇಲಿರುವ ಹತ್ತಿರದವರಿಗಾಗಿ ಹೊರಗೆ ಕಾದು ಕೂತವರು ಒಂದು ಹೆಸರನ್ನು ಕೇಳಿರಬಹುದು. ಕಫದ ಕಲ್ಚರ್ ರಿಪೋರ್ಟ್ ಬಂದಾಗ ಡಾಕ್ಟರ್ ಮುಖ ಗಂಟಿಕ್ಕಿ ಹೇಳುವ ಹೆಸರು: ಸೂಡೋಮೊನಾಸ್ ಏರುಜಿನೋಸಾ.

ಕಾರ್ಲ್ ಗೆಸ್ಸಾರ್ ಎಂಬ ಫ್ರೆಂಚ್ ವಿಜ್ಞಾನಿ 1882ರಲ್ಲಿ ಇದನ್ನು ಬೇರ್ಪಡಿಸಿ ತೋರಿಸಿದ. ಗಾಯದ ಬ್ಯಾಂಡೇಜುಗಳು ಯಾಕೆ ನೀಲಿ ಹಸಿರು ಬಣ್ಣಕ್ಕೆ ತಿರುಗುತ್ತವೆ ಎಂದು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಇದು. ‘ಏರುಜಿನೋಸಾ’ ಅಂದರೆ ಲ್ಯಾಟಿನ್‌ನಲ್ಲಿ ತಾಮ್ರದ ಕಿಲುಬಿನಂಥದ್ದು. ಹುಣಸೆಹಣ್ಣು ಹಚ್ಚಿ ಉಜ್ಜದೆ ಬಿಟ್ಟ ತಾಮ್ರದ ಚೊಂಬಿನ ಮೇಲೆ ಹಸಿರಾಗಿ ಕೂರುತ್ತದಲ್ಲ, ಅದೇ ಬಣ್ಣ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಅಡಿಕೆ, ಕಾಳುಮೆಣಸು, ಶುಂಠಿ ಬೆಳೆಯುವವರ ಮನೆಯಲ್ಲಿ ‘ಸೂಡೋಮೊನಾಸ್’ ಪುಡಿ ಇರುತ್ತದೆ. ಟ್ರೈಕೋಡರ್ಮಾ ಜೊತೆಗೆ ಅದನ್ನೂ ಗಿಡದ ಬುಡಕ್ಕೆ ಹಾಕುತ್ತಾರೆ. ಗಾಬರಿಯಾಗಬೇಡಿ. ಅದು ಸೂಡೋಮೊನಾಸ್ ಫ್ಲೋರೆಸೆನ್ಸ್, ಬೇರು ಕಾಯುವ ಸಾಧು ದಾಯಾದಿ. ಮನೆತನದ ಹೆಸರು ಒಂದೇ, ಗುಣ ಬೇರೆ.

ಏರುಜಿನೋಸಾ ಗಟ್ಟಿ ಆರೋಗ್ಯದವರ ತಂಟೆಗೆ ಅಷ್ಟಾಗಿ ಬರುವುದಿಲ್ಲ. ಗಂಟಲಲ್ಲಿ ಟ್ಯೂಬ್ ಇರುವವರು, ಸುಟ್ಟ ಗಾಯದವರು, ಹುಟ್ಟಿನಿಂದಲೇ ಕಫ ಅಂಟಂಟಾಗುವ ಸಿಸ್ಟಿಕ್ ಫೈಬ್ರೋಸಿಸ್ ಇರುವವರು ಇದಕ್ಕೆ ಸುಲಭದ ತುತ್ತು. ಭಾರತದಲ್ಲಿ ಇನ್ನೊಂದು ಗುಂಪನ್ನೂ ಸೇರಿಸಬೇಕು. ಟಿಬಿ ವಾಸಿಯಾದ ಮೇಲೂ ಕೆಲವರ ಶ್ವಾಸನಾಳ ಹಿಗ್ಗಿ ಹಾಗೇ ಉಳಿದುಬಿಡುತ್ತದೆ. ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ಅಲ್ಲಿ ನಿಂತ ಕಫ ಈ ಬ್ಯಾಕ್ಟೀರಿಯಾಗೆ ಹೇಳಿ ಮಾಡಿಸಿದ ಜಾಗ.

ಇದರ ಮೇಲೆ ಆ್ಯಂಟಿಬಯಾಟಿಕ್ ಯಾಕೆ ಸೋಲುತ್ತದೆ? ಹೊರಗಿನ ಪೊರೆ ಬಿಗಿ, ಔಷಧ ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಇಳಿದದ್ದನ್ನೂ ಪಂಪ್ ಮಾಡಿ ಹೊರಗೆ ಎಸೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಬಯೋಫಿಲ್ಮ್ ಕಟ್ಟುತ್ತದೆ. ಬಚ್ಚಲ ಕಲ್ಲಿನ ಮೇಲಿನ ಲೋಳೆ ನೆನಪಿಸಿಕೊಳ್ಳಿ. ಅಂಥದೇ ಲೋಳೆಯೊಳಗೆ ಕೂತ ಬ್ಯಾಕ್ಟೀರಿಯಾ, ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾಗಿಂತ ಎಷ್ಟೋ ಪಟ್ಟು ಜಾಸ್ತಿ ಔಷಧ ತಡೆದುಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊಸ ಔಷಧ ತುರ್ತಾಗಿ ಬೇಕಿರುವ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿತು. ಕಾರ್ಬಪೆನಮ್ ಔಷಧಕ್ಕೂ ಬಗ್ಗದ ಏರುಜಿನೋಸಾ ಅದರಲ್ಲಿ ಮೊದಲ ಸಾಲಿನಲ್ಲಿತ್ತು. 2024ರ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿದಿದೆ, ಪಟ್ಟಿಯಿಂದ ಹೊರಗೇನೂ ಬಿದ್ದಿಲ್ಲ.

ಎಣಿಸಲು ಬಾರದವು ಎಣಿಸುವ ಬಗೆ

ಬ್ಯಾಕ್ಟೀರಿಯಾಗೆ ಕಣ್ಣಿಲ್ಲ, ಕಿವಿಯಿಲ್ಲ, ಲೆಕ್ಕ ಬರುವುದಿಲ್ಲ. ಮತ್ತೆ ಕೋರಂ ಹೇಗೆ ಗೊತ್ತಾಗುತ್ತದೆ?

ಉತ್ತರ ಮೊದಲು ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ, ಸಮುದ್ರದಲ್ಲಿ. ವಿಬ್ರಿಯೊ ಫಿಶೆರಿ ಎಂಬ ಸಮುದ್ರದ ಬ್ಯಾಕ್ಟೀರಿಯಾ ಬೆಳಕು ಸೂಸುತ್ತದೆ. (ನಮ್ಮ ಕರಾವಳಿಯಲ್ಲಿ ಕೆಲವು ರಾತ್ರಿ ಅಲೆಗಳು ನೀಲಿಯಾಗಿ ಮಿಂಚಿ ಸುದ್ದಿಯಾಗುತ್ತವಲ್ಲ, ಅದು ಬೇರೆ. ಅದು ನಾಕ್ಟಿಲ್ಯುಕಾ ಎಂಬ ಇನ್ನೊಂದು ಜೀವಿಯ ಕೆಲಸ.) ಅಮೆರಿಕದಲ್ಲಿ ನೀಲ್ಸನ್, ಪ್ಲಾಟ್ ಮತ್ತು ಹೇಸ್ಟಿಂಗ್ಸ್ 1970ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು. ಫ್ಲಾಸ್ಕಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಹೋಗುತ್ತದೆ, ಬೆಳಕು ಮಾತ್ರ ಏರುವುದಿಲ್ಲ. ಸಂಖ್ಯೆ ಒಂದು ಮಟ್ಟ ಮುಟ್ಟಿದ್ದೇ ತಡ, ಭಗ್ಗನೆ ಬೆಳಕು. ದಟ್ಟವಾಗಿ ಬೆಳೆದ ಬ್ಯಾಕ್ಟೀರಿಯಾಗಳಿದ್ದ ದ್ರವವನ್ನು ಸೋಸಿ ಹೊಸ ಬ್ಯಾಕ್ಟೀರಿಯಾಗಳಿಗೆ ಹಾಕಿದರೆ, ಅವು ಇನ್ನೂ ಕೆಲವೇ ಇದ್ದರೂ ಬೇಗನೆ ಹೊತ್ತಿಕೊಳ್ಳುತ್ತವೆ ಎಂಬುದೂ ಆಮೇಲೆ ತಿಳಿಯಿತು. ಅಂದರೆ ಆ ದ್ರವದಲ್ಲಿ ಏನೋ ಇದೆ.

ಇದ್ದದ್ದು ಒಂದು ಪುಟ್ಟ ಅಣು. ಪ್ರತಿ ಬ್ಯಾಕ್ಟೀರಿಯಾವೂ ಅದನ್ನು ಸ್ವಲ್ಪ ಸ್ವಲ್ಪವೇ ಹೊರಬಿಡುತ್ತಿರುತ್ತದೆ. ಅಕ್ಕಪಕ್ಕ ಯಾರೂ ಇಲ್ಲದಿದ್ದರೆ ಅದು ನೀರಿನಲ್ಲಿ ಚದುರಿ ಹೋಗುತ್ತದೆ. ಸುತ್ತ ಗುಂಪಿದ್ದರೆ ಅಣುಗಳು ದಟ್ಟವಾಗುತ್ತವೆ. ದಟ್ಟವಾದ ಅಣು ಮತ್ತೆ ಬ್ಯಾಕ್ಟೀರಿಯಾದ ಒಳಗೆ ಬಂದು ಒಂದು ಪ್ರೋಟೀನಿಗೆ ಕಚ್ಚಿಕೊಂಡು ಜೀನ್‌ಗಳ ಸ್ವಿಚ್ ಒತ್ತುತ್ತದೆ. ಎಣಿಕೆ ಅಂದರೆ ಇಷ್ಟೇ. ಮದುವೆ ಮನೆ ತುಂಬಿದೆಯೋ ಇಲ್ಲವೋ ಎಂದು ಕಣ್ಣು ಮುಚ್ಚಿಕೊಂಡೇ ಗದ್ದಲದಿಂದ ಹೇಳಬಹುದಲ್ಲ, ಹಾಗೆ.

ಏರುಜಿನೋಸಾದಲ್ಲಿ ಇಂಥ ಏರ್ಪಾಡು ಒಂದಲ್ಲ, ಹಲವಿವೆ. ಎರಡು ಮುಖ್ಯ: ಲಾಸ್ ಮತ್ತು ಆರ್‌ಎಚ್‌ಎಲ್. ಎರಡೂ ಬಳಸುವ ಅಣುಗಳು ಒಂದೇ ಮನೆತನದವು. ಅವಕ್ಕೆ ಅಸೈಲ್ ಹೋಮೋಸೆರಿನ್ ಲ್ಯಾಕ್ಟೋನ್ ಎಂದು ಉದ್ದದ ಹೆಸರಿದೆ. ನಾವು ಗೊದಮೊಟ್ಟೆ ಎನ್ನೋಣ. ಯಾಕೆಂದರೆ ಅದರ ರೂಪ ಹಾಗೇ ಇದೆ. ಉಂಗುರದಂಥ ತಲೆ, ಇಂಗಾಲದ ಸರಪಳಿಯ ಬಾಲ. ತಲೆ ಎಲ್ಲಕ್ಕೂ ಒಂದೇ, ಬಾಲದ ಉದ್ದ ಬೇರೆ ಬೇರೆ. ಲಾಸ್‌ನದು 12 ಇಂಗಾಲದ ಉದ್ದ ಬಾಲ, ಆರ್‌ಎಚ್‌ಎಲ್‌ನದು 4 ಇಂಗಾಲದ ಮೋಟು ಬಾಲ.

ಈ ಬ್ಯಾಕ್ಟೀರಿಯಾದಲ್ಲಿ ಐದೂವರೆ ಸಾವಿರದಷ್ಟು ಜೀನ್‌ಗಳಿವೆ. ಅವುಗಳಲ್ಲಿ ಹಲವು ನೂರು ಈ ಸಂಕೇತಗಳ ಮಾತು ಕೇಳುತ್ತವೆ. ಶ್ವಾಸಕೋಶದ ಹಿಗ್ಗುವ ನಾರನ್ನು ಕರಗಿಸುವ ಎಲಾಸ್ಟೇಸ್, ಕಿಲುಬಿನ ಬಣ್ಣ ಕೊಡುವ ಪಯೋಸಯನಿನ್, ಬಿಳಿ ರಕ್ತಕಣಗಳನ್ನು ಒಡೆಯುವ ಸಾಬೂನಿನಂಥ ರಾಮ್ನೋಲಿಪಿಡ್, ಕೊನೆಗೆ ಸಯನೈಡ್ ಕೂಡ. ಬಯೋಫಿಲ್ಮ್ ಸರಿಯಾಗಿ ಬಲಿಯಲೂ ಲಾಸ್ ಸಂಕೇತ ಬೇಕು ಎಂದು 1998ರಲ್ಲಿ ಗೊತ್ತಾಯಿತು. ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ಕಫದಲ್ಲೇ ಈ ಗೊದಮೊಟ್ಟೆಗಳು ಇವೆ ಎಂದು 2000ದಲ್ಲಿ ತೋರಿಸಲಾಯಿತು. ಅಂದರೆ ಈ ಮಾತುಕತೆ ಪ್ರಯೋಗಾಲಯದ ಫ್ಲಾಸ್ಕಿಗೆ ಸೀಮಿತವಲ್ಲ. ರೋಗಿಯ ಎದೆಯಲ್ಲೇ ನಡೆಯುತ್ತಿದೆ.

ಕಾದು ಕೂರುವುದೇಕೆ? ಹತ್ತಿಪ್ಪತ್ತು ಬ್ಯಾಕ್ಟೀರಿಯಾ ವಿಷ ಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ, ಖರ್ಚು ಮಾತ್ರ ದಂಡ. ಮೇಲಾಗಿ ದೇಹದ ಕಾವಲುಗಾರರು ಎಚ್ಚರವಾಗುತ್ತಾರೆ. ಸೇನೆ ಸೇರುವವರೆಗೆ ತೆಪ್ಪಗಿರುವುದೇ ಲಾಭ.

ಗೊದಮೊಟ್ಟೆಗೆ ಎರಡು ಕತ್ತರಿ

ಸಂಕೇತವನ್ನು ಕತ್ತರಿಸುವ ಎಂಜೈಮ್ ಮೊದಲು ಸುದ್ದಿ ಮಾಡಿದ್ದು ಕೃಷಿಯಲ್ಲಿ. ಸಿಂಗಪುರದ ಸಂಶೋಧಕರು 2000ದಲ್ಲಿ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದಿಂದ ‘ಎಐಐಎ’ ಎಂಬ ಎಂಜೈಮ್ ಹುಡುಕಿದರು. ಆಲೂಗಡ್ಡೆಯನ್ನು ಕೊಳೆಸಿ ನೀರು ಮಾಡುವ ಎರ್ವಿನಿಯಾ ಎಂಬ ಬ್ಯಾಕ್ಟೀರಿಯಾವೂ ಕೋರಂ ನೋಡಿಯೇ ಕೆಲಸ ಶುರು ಮಾಡುವುದು. ಮಾರನೆಯ ವರ್ಷ ಅದೇ ತಂಡ ಆ ಎಂಜೈಮಿನ ಜೀನನ್ನು ಆಲೂಗಡ್ಡೆ ಮತ್ತು ತಂಬಾಕು ಗಿಡಗಳಿಗೆ ಸೇರಿಸಿತು. ಆ ಗಿಡಗಳು ಕೊಳೆರೋಗವನ್ನು ಚೆನ್ನಾಗಿ ತಡೆದುಕೊಂಡವು. ಬಿಟಿ ಹತ್ತಿಯ ‘ಬಿಟಿ’ ಇದೆಯಲ್ಲ, ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಅದರಲ್ಲೂ ಇಂಥದೇ ಎಂಜೈಮ್ ಇದೆ ಎಂದು ಆಮೇಲೆ ಕಂಡುಬಂತು. ಮಣ್ಣಿನಲ್ಲಿ ಈ ಜಗಳ ಮನುಷ್ಯ ಹುಟ್ಟುವ ಮೊದಲಿನಿಂದಲೂ ಇದ್ದದ್ದೇ.

ಕತ್ತರಿಗಳಲ್ಲಿ ಎರಡು ಬಗೆ. ಲ್ಯಾಕ್ಟೋನೇಸ್ ಗೊದಮೊಟ್ಟೆಯ ತಲೆಯ ಉಂಗುರವನ್ನು ಬಿಚ್ಚುತ್ತದೆ. ಅಸೈಲೇಸ್ ತಲೆಯನ್ನೂ ಬಾಲವನ್ನೂ ಬೇರೆ ಮಾಡುತ್ತದೆ. ಬಿಚ್ಚಿದ ಉಂಗುರ ಹುಳಿ ವಾತಾವರಣದಲ್ಲಿ ಮತ್ತೆ ಮುಚ್ಚಿಕೊಳ್ಳಬಹುದು. ತಲೆ ಹೋದ ಬಾಲ ಮಾತ್ರ ಮತ್ತೆ ಕೂಡುವುದಿಲ್ಲ. ಹಾಗೆಂದು ಅಸೈಲೇಸೇ ಮೇಲು ಎನ್ನುವಂತಿಲ್ಲ. ಅದು ಬಾಲ ನೋಡಿ ಆರಿಸುತ್ತದೆ.

ಶ್ವಾಸಕೋಶದ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಪ್ರಯೋಗ ಫ್ರಾನ್ಸಿನ ಮಾರ್ಸೆ ನಗರದ್ದು. 2014ರಲ್ಲಿ ಪ್ರಕಟವಾಯಿತು. ಅವರು ಬಳಸಿದ ಲ್ಯಾಕ್ಟೋನೇಸಿನ ಹುಟ್ಟೂರೇ ಒಂದು ಕತೆ. ಇಟಲಿಯ ನೇಪಲ್ಸ್ ಹತ್ತಿರ ಸೋಲ್ಫಟಾರಾ ಎಂಬ ಜ್ವಾಲಾಮುಖಿಯ ಬಾಯಿಯಿದೆ. ಗಂಧಕದ ಹೊಗೆ, ಕುದಿಯುವ ಕೆಸರು. ಅಂಥಲ್ಲಿ ಸುಮಾರು 80 ಡಿಗ್ರಿ ಬಿಸಿಯಲ್ಲಿ, ನಿಂಬೆರಸ ನೆನಪಿಸುವ ಹುಳಿಯಲ್ಲಿ ಹಾಯಾಗಿ ಬದುಕುವ ಸಲ್ಫೋಲೋಬಸ್ ಸೋಲ್ಫಟಾರಿಕಸ್ ಎಂಬ ಸೂಕ್ಷ್ಮಜೀವಿಯದು ಈ ಎಂಜೈಮ್. ಹೆಸರು ಎಸ್‌ಎಸ್‌ಒ-ಪಾಕ್ಸ್. ಪ್ಯಾರಾಥಿಯಾನ್ ಜಾತಿಯ ಕೀಟನಾಶಕಗಳ ವಿಷವನ್ನು ಮುರಿಯಲು ಬರುತ್ತದೆಂದು ಮೊದಲು ಇದರ ಮೇಲೆ ಕಣ್ಣು ಬಿದ್ದಿತ್ತು. ಗೊದಮೊಟ್ಟೆಯನ್ನೂ ಕತ್ತರಿಸುತ್ತದೆ ಎಂಬುದು ಹೆಚ್ಚುವರಿ ಲಾಭ. ಮಾರ್ಸೆ ತಂಡ ಅದರ 263ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ ಬದಲಾದ ರೂಪವನ್ನು ಬಳಸಿತು.

ಬಿಸಿಗೆ ಅಂಜದ ಎಂಜೈಮ್ ಆಗಿದ್ದು ದೊಡ್ಡ ಅನುಕೂಲ. ಸಾಮಾನ್ಯ ಎಂಜೈಮ್‌ಗಳು ಹಾಲಿನ ಹಾಗೆ, ಹೊರಗಿಟ್ಟರೆ ಕೆಡುತ್ತವೆ. ಇದು ತುಪ್ಪದ ಹಾಗೆ, ಫ್ರಿಜ್ ಬೇಡುವುದಿಲ್ಲ.

ಪ್ರಯೋಗ ಹೀಗಿತ್ತು. ಇಲಿಗಳಿಗೆ ಏರುಜಿನೋಸಾದಿಂದ ನ್ಯುಮೋನಿಯಾ ಬರಿಸಿದರು. ಒಂದು ಗುಂಪಿಗೆ ಎಂಜೈಮ್ ಇಲ್ಲ. ಇನ್ನೊಂದಕ್ಕೆ ಕೂಡಲೇ ಶ್ವಾಸನಾಳದ ಮೂಲಕ ಎಂಜೈಮ್. ಮೂರನೆಯದಕ್ಕೆ ತಡಮಾಡಿ ಎಂಜೈಮ್. ಐವತ್ತು ಗಂಟೆ ಕಾದು ನೋಡಿದರು. ಎಂಜೈಮ್ ಸಿಗದ ಇಲಿಗಳಲ್ಲಿ ಶೇ 75 ಸತ್ತವು. ಕೂಡಲೇ ಸಿಕ್ಕವುಗಳಲ್ಲಿ ಸತ್ತದ್ದು ಶೇ 20. ಶ್ವಾಸಕೋಶದ ಹಾನಿಯೂ ಕಡಿಮೆ. ಆ್ಯಂಟಿಬಯಾಟಿಕ್ ಕೊಡದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವ ಏನನ್ನೂ ಕೊಡದೆ ಬಂದ ಫಲಿತಾಂಶ ಇದು.

ತಡಮಾಡಿ ಕೊಟ್ಟ ಗುಂಪಿನಲ್ಲಿ? ಸ್ವಲ್ಪ ಒಳ್ಳೆಯದಾದಂತೆ ಕಂಡಿತು, ಆದರೆ ಮೊದಲಿನಷ್ಟು ಅಲ್ಲ. ಈ ಮಾತನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಅಸೈಲೇಸ್ ಕಡೆಯಿಂದ ಕೆಲಸ ಮಾಡಿದವರು ನೆದರ್ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದ ವಿಮ್ ಕ್ವಾಕ್ಸ್ ತಂಡ. ಅವರ ಎಂಜೈಮ್ ಪಿವಿಡಿಕ್ಯು. ತಮಾಷೆ ಅಂದರೆ ಇದು ಏರುಜಿನೋಸಾದ್ದೇ ಎಂಜೈಮ್. ಕಬ್ಬಿಣ ಸೆಳೆಯುವ ಪಯೋವರ್ಡಿನ್ ಎಂಬ ಪದಾರ್ಥ ತಯಾರಿಸಲು ಅದು ಒಳಗೇ ಇಟ್ಟುಕೊಂಡದ್ದು. ಅದನ್ನೇ ಹೊರಗಿನಿಂದ ಜಾಸ್ತಿ ಕೊಟ್ಟರೆ ಉದ್ದ ಬಾಲದ ಸಂಕೇತ ಕತ್ತರಿಸಿ ಹೋಗುತ್ತದೆ. ಮೂಗಿನ ಮೂಲಕ ಕೊಟ್ಟಾಗ ಪುಟ್ಟ ಇಲಿಗಳ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಕಡಿಮೆಯಾದವು, ಉರಿಯೂತ ತಗ್ಗಿತು, ಬದುಕುವ ಅವಧಿ ಹೆಚ್ಚಾಯಿತು ಎಂದು 2018ರಲ್ಲಿ ವರದಿ ಮಾಡಿದರು. ಕೊಲ್ಲದ ಎಂಜೈಮಿನಿಂದ ಬ್ಯಾಕ್ಟೀರಿಯಾ ಸಂಖ್ಯೆ ಯಾಕೆ ಇಳಿಯಬೇಕು ಎಂಬ ಪ್ರಶ್ನೆ ಏಳುತ್ತದೆ, ಅಲ್ವಾ? ಆಯುಧ ಮತ್ತು ಕೋಟೆ ಎರಡೂ ಇಲ್ಲದ ಬ್ಯಾಕ್ಟೀರಿಯಾವನ್ನು ದೇಹದ ಬಿಳಿ ರಕ್ತಕಣಗಳೇ ವಿಚಾರಿಸಿಕೊಳ್ಳುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಅಷ್ಟೇ ಅಲ್ಲ, ನಮ್ಮ ಶ್ವಾಸನಾಳದ ಜೀವಕೋಶಗಳೂ ಈ ವಿದ್ಯೆ ಬಲ್ಲವು. ಪ್ಯಾರಾಕ್ಸೋನೇಸ್-2 ಎಂಬ ನಮ್ಮದೇ ಎಂಜೈಮ್ ಲಾಸ್ ಸಂಕೇತದ ಉಂಗುರವನ್ನು ಬಿಚ್ಚಿಹಾಕುತ್ತದೆ. ಹಾಗಾಗಿ ಸಂಶೋಧಕರು ಹೊಸದೇನನ್ನೋ ದೇಹಕ್ಕೆ ತುರುಕುತ್ತಿದ್ದಾರೆ ಎನ್ನುವುದು ಪೂರ್ತಿ ಸರಿಯಲ್ಲ. ಇರುವ ಕೆಲಸಕ್ಕೆ ಆಳು ಹೆಚ್ಚಿಸುತ್ತಿದ್ದಾರೆ.

ಎಂಜೈಮನ್ನು ಉಸಿರಿನಲ್ಲಿ ಕೊಡುವುದೂ ಹೊಸದಲ್ಲ. ಕಫದಲ್ಲಿ ಸಿಕ್ಕಿಕೊಂಡ ಡಿಎನ್‌ಎ ಎಳೆಗಳನ್ನು ತುಂಡರಿಸಿ ಕಫ ತೆಳ್ಳಗೆ ಮಾಡುವ ಡಾರ್ನೇಸ್ ಆಲ್ಫಾ ಎಂಬ ಎಂಜೈಮಿಗೆ ಅಮೆರಿಕದಲ್ಲಿ 1993ರಲ್ಲೇ ಅನುಮತಿ ಸಿಕ್ಕಿದೆ. ಸಿಸ್ಟಿಕ್ ಫೈಬ್ರೋಸಿಸ್ ಇರುವವರು ನೆಬ್ಯುಲೈಸರಿನಲ್ಲಿ ಅದನ್ನು ದಿನವೂ ತೆಗೆದುಕೊಳ್ಳುತ್ತಾರೆ. ಪಿವಿಡಿಕ್ಯುವನ್ನೂ ಸಕ್ಕರೆಯಂಥ ಪದಾರ್ಥಗಳ ಜೊತೆ ಒಣಗಿಸಿ, ಇನ್ಹೇಲರಿನಲ್ಲಿ ಎಳೆದುಕೊಳ್ಳುವಂಥ ಪುಡಿ ಮಾಡಿ ನೋಡಿದ್ದಾರೆ.

ಪುಕ್ಕಟೆ ಗಿರಾಕಿಗಳ ಸಮಸ್ಯೆ

ಈ ವಿಧಾನದ ಬಗ್ಗೆ ಬರೆಯುವವರು ಒಂದು ಮಾತು ಸೇರಿಸುವುದುಂಟು: ಕೊಲ್ಲುವುದಿಲ್ಲವಾದ್ದರಿಂದ ಬ್ಯಾಕ್ಟೀರಿಯಾಗೆ ಪ್ರತಿರೋಧ ಬೆಳೆಸಿಕೊಳ್ಳುವ ಒತ್ತಡವೇ ಇಲ್ಲ. ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಎಂಜೈಮ್ ಹೊರಗೇ ಇದ್ದು ಕೆಲಸ ಮಾಡುತ್ತದೆ. ಒಳಗೆ ಹೋಗುವುದಿಲ್ಲವಾದ್ದರಿಂದ ಪಂಪ್ ಮಾಡಿ ಎಸೆಯುವ ಪ್ರಶ್ನೆಯಿಲ್ಲ. ಅಲ್ಲಿಯವರೆಗೆ ಸರಿ. ಆದರೆ ಬ್ಯಾಕ್ಟೀರಿಯಾಗಳ ಲೋಕದಲ್ಲೂ ರಾಜಕೀಯವಿದೆ.

ಊರ ಕೆರೆಯ ಹೂಳೆತ್ತುವುದನ್ನು ಯೋಚಿಸಿ. ಹತ್ತು ಮನೆಯವರು ಬುಟ್ಟಿ ಹೊರುತ್ತಾರೆ. ಹನ್ನೊಂದನೆಯವನು ಮನೆಯಲ್ಲೇ ಮಲಗಿರುತ್ತಾನೆ. ನೀರು ಮಾತ್ರ ಅವನ ಗದ್ದೆಗೂ ಹರಿಯುತ್ತದೆ. ಎಲಾಸ್ಟೇಸ್ ಕೂಡ ಇಂಥ ಊರ ಸ್ವತ್ತು. ಒಂದು ಬ್ಯಾಕ್ಟೀರಿಯಾ ಬಿಟ್ಟರೆ ಕರಗಿದ ಆಹಾರ ಎಲ್ಲಕ್ಕೂ ಸಿಗುತ್ತದೆ. ಲಾಸ್ ಸಂಕೇತ ಕೇಳಿಸಿಕೊಳ್ಳುವ ಜೀನ್ ಕೆಟ್ಟು ಕಿವುಡಾದ ಬ್ಯಾಕ್ಟೀರಿಯಾಗಳು ಖರ್ಚಿಲ್ಲದೆ ತಿಂದು ಬೇಗ ಬೆಳೆಯುತ್ತವೆ. ವೆಂಟಿಲೇಟರ್ ಮೇಲಿರುವವರಲ್ಲಿ ದಿನ ಕಳೆದಂತೆ ಈ ಪುಕ್ಕಟೆ ಗಿರಾಕಿಗಳು ಹೆಚ್ಚುವುದುಂಟು. ರೋಗಿಗೆ ಅದು ಒಂದು ರೀತಿಯಲ್ಲಿ ಒಳ್ಳೆಯದೇ, ಯಾಕೆಂದರೆ ಅವು ಅಷ್ಟು ಕ್ರೂರವಲ್ಲ.

ಅಜಿತ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕಡಿಮೆ ಪ್ರಮಾಣದಲ್ಲಿ ಏರುಜಿನೋಸಾವನ್ನು ಕೊಲ್ಲದೆಯೇ ಅದರ ಕೋರಂ ಏರ್ಪಾಡನ್ನು ಕುಗ್ಗಿಸುತ್ತದೆ. ವೆಂಟಿಲೇಟರ್ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಔಷಧ ಸಿಗದವರಲ್ಲಿ ಕಿವುಡು ಬ್ಯಾಕ್ಟೀರಿಯಾಗಳು ಹೆಚ್ಚಾದವು. ಔಷಧ ಸಿಕ್ಕವರಲ್ಲಿ, ಕೇಳಿಸಿಕೊಳ್ಳಬಲ್ಲ ಮೂಲ ಬ್ಯಾಕ್ಟೀರಿಯಾಗಳೇ ಉಳಿದುಕೊಂಡವು. ಯೋಚಿಸಿದರೆ ಸಹಜವೇ. ಯಾರೂ ಬುಟ್ಟಿ ಹೊರದಿದ್ದರೆ ಮಲಗಿದವನಿಗೆ ವಿಶೇಷ ಲಾಭವೇನೂ ಇಲ್ಲ. ಔಷಧ ಕೊಡುವಷ್ಟು ದಿನ ಎಲ್ಲರೂ ಸುಮ್ಮನಿರುತ್ತಾರೆ. ನಿಲ್ಲಿಸಿದ ದಿನ ಪೂರ್ತಿ ಶಕ್ತಿಯ ಸೇನೆ ಹಾಗೇ ಉಳಿದಿರುತ್ತದೆ. ಎಂಜೈಮ್‌ಗಳಲ್ಲೂ ಹೀಗಾಗಬಹುದು ಎಂಬ ಎಚ್ಚರ ಇಟ್ಟುಕೊಳ್ಳಲೇಬೇಕು.

ಇನ್ನೊಂದು ತುದಿಯಲ್ಲಿ ಬೇರೆ ತೊಡಕು. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ವರ್ಷಗಟ್ಟಲೆ ನೆಲೆಸಿದ ಏರುಜಿನೋಸಾ ಎಷ್ಟೋ ಸಲ ಆಗಲೇ ಲಾಸ್‌ಗೆ ಕಿವುಡಾಗಿರುತ್ತದೆ. ಮಾತು ಕೇಳದವರ ಮುಂದೆ ಮೈಕ್ ಆಫ್ ಮಾಡಿ ಏನು ಪ್ರಯೋಜನ? ಕೆಲವು ತಳಿಗಳಲ್ಲಿ ಆರ್‌ಎಚ್‌ಎಲ್ ಮಾತ್ರ ಇನ್ನೂ ನಡೆಯುತ್ತಿರುತ್ತದೆ, ಅಲ್ಲಿ ಉದ್ದ ಬಾಲಕ್ಕೆ ಮಾತ್ರ ಒಗ್ಗಿದ ಪಿವಿಡಿಕ್ಯು ಸಾಲದು. ಪಿಕ್ಯುಎಸ್ ಎಂಬ ಮೂರನೆಯ ಸಂಕೇತವಂತೂ ಗೊದಮೊಟ್ಟೆಯ ಜಾತಿಯೇ ಅಲ್ಲ. ಅದಕ್ಕೆ ಈ ಎರಡು ಕತ್ತರಿಗಳೂ ನಾಟುವುದಿಲ್ಲ, ಬೇರೆಯೇ ಎಂಜೈಮ್ ಬೇಕು.

ಶ್ವಾಸಕೋಶವೂ ಎಂಜೈಮಿಗೆ ಹಿತವಾದ ಜಾಗವಲ್ಲ. ದಪ್ಪ ಕಫ ದಾಟಬೇಕು. ಪ್ರೋಟೀನ್ ಕರಗಿಸುವ ಎಂಜೈಮ್‌ಗಳು ಅಲ್ಲಿ ತುಂಬಿರುತ್ತವೆ, ಬ್ಯಾಕ್ಟೀರಿಯಾದ್ದೂ ನಮ್ಮದೇ ರಕ್ತಕಣಗಳದ್ದೂ. ಜ್ವಾಲಾಮುಖಿಯಿಂದ ಬಂದ ಪ್ರೋಟೀನನ್ನು ಪದೇ ಪದೇ ಕೊಟ್ಟರೆ ದೇಹ ಅದನ್ನೇ ಶತ್ರು ಎಂದುಕೊಳ್ಳಲೂಬಹುದು. ಇಲಿಗೆ ಒಂದು ಸಲ ಕೊಡುವುದಕ್ಕೂ ಮನುಷ್ಯನಿಗೆ ತಿಂಗಳುಗಟ್ಟಲೆ ಕೊಡುವುದಕ್ಕೂ ತುಂಬಾ ದೂರ.

ಆದ್ದರಿಂದ ಇದನ್ನು ಆ್ಯಂಟಿಬಯಾಟಿಕ್‌ಗೆ ಬದಲಿ ಎನ್ನುವುದಕ್ಕಿಂತ ಜೊತೆಗಾರ ಎನ್ನುವುದೇ ಸರಿ ಎನಿಸುತ್ತದೆ. ಕೋಟೆ ಕಟ್ಟಲಾಗದ ಬ್ಯಾಕ್ಟೀರಿಯಾಗೆ ಹಳೆಯ ಔಷಧವೂ ತಾಗುತ್ತದೆ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ತಂಡವೊಂದು ಸುಟ್ಟ ಗಾಯದ ಇಲಿಗಳಲ್ಲಿ ಲ್ಯಾಕ್ಟೋನೇಸ್ ಮತ್ತು ಸಿಪ್ರೋಫ್ಲಾಕ್ಸಾಸಿನ್ ಒಟ್ಟಿಗೆ ಕೊಟ್ಟು, ಸೋಂಕು ಮೈಗೆಲ್ಲ ಹರಡುವುದನ್ನು ತಡೆಯುವ ಪ್ರಯತ್ನ ಮಾಡಿದೆ. ಸಿಪ್ರೋಫ್ಲಾಕ್ಸಾಸಿನ್ ಯಾವ ಊರಿನ ಮೆಡಿಕಲ್ ಶಾಪಿನಲ್ಲೂ ಸಿಗುವ ಔಷಧ. ಅದರ ಆಯಸ್ಸು ಹೆಚ್ಚಿದರೂ ಅದು ಸಣ್ಣ ಮಾತಲ್ಲ.

ಉಳಿದದ್ದು ಹೊತ್ತಿನ ಪ್ರಶ್ನೆ. ಮಾರ್ಸೆ ಇಲಿಗಳಲ್ಲಿ ಕೂಡಲೇ ಕೊಟ್ಟ ಎಂಜೈಮ್ ಗೆದ್ದಿತು, ತಡವಾದದ್ದು ಅಷ್ಟು ಗೆಲ್ಲಲಿಲ್ಲ. ಕೋರಂ ತುಂಬಿ ಠರಾವು ಪಾಸಾದ ಮೇಲೆ ಹಾಜರಿ ಪುಸ್ತಕ ಅಳಿಸಿ ಏನು ಬಂತು? ಆಸ್ಪತ್ರೆಯಲ್ಲಿ ಆಗುವುದು ಬಹುತೇಕ ಹೀಗೇ. ಜ್ವರ ಬಂದು, ಎಕ್ಸ್-ರೇಯಲ್ಲಿ ಬಿಳಿ ಮಚ್ಚೆ ಕಂಡು, ಕಫ ಲ್ಯಾಬಿಗೆ ಹೋಗಿ ರಿಪೋರ್ಟ್ ಬರುವಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತದೆ. ಅದಕ್ಕೇ ನನಗೆ ಈ ಎಂಜೈಮ್‌ಗಳ ಮೊದಲ ಜಾಗ ಸೋಂಕು ಬಂದವರ ಹಾಸಿಗೆಯಲ್ಲ, ಬರಬಹುದಾದವರ ಹಾಸಿಗೆ ಎನಿಸುತ್ತದೆ. ಸೋಂಕು ಯಾವ ಗಳಿಗೆಯಲ್ಲಿ ಶುರುವಾಯಿತು ಎಂದು ಯಾವ ಡಾಕ್ಟರೂ ಹೇಳಲಾರರು. ಟ್ಯೂಬ್ ಹಾಕಿದ ಹೊತ್ತು ಮಾತ್ರ ಕೇಸ್ ಶೀಟಿನಲ್ಲಿ ಗಂಟೆ ನಿಮಿಷದ ಸಮೇತ ಬರೆದಿರುತ್ತದೆ.